ಎಚ್‌ಎಎಲ್ ಹೆರಿಟೇಜ್ ಸೆಂಟರ್: ಮರುತ್ ವಿಮಾನದ ಹಿಂದೆ ಹೋಗಿ ನಿಲ್ಲಿ

ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ವಿಮಾನ ತಯಾರಿಸುವ ಸರ್ಕಾರಿ ಕಂಪನಿ ಎಚ್‌ಎಎಲ್‌ನ ಈ ಮ್ಯೂಸಿಯಂ ಶುರುವಾದದ್ದು 2001ರಲ್ಲಿ. ಅದೇ ರಸ್ತೆಯಲ್ಲಿ ವರ್ಷಗಟ್ಟಲೆ ಓಡಾಡಿದರೂ ನಾನು ಒಳಗೆ ಹೋಗಿರಲಿಲ್ಲ. ಮೊನ್ನೆ ಅಕ್ಕನ ಮಗ ಹಟ ಹಿಡಿದ, ಹೋದೆವು. ಹುಡುಗನಿಗೆ ಎರಡು ಗಂಟೆ ಹೊತ್ತು ಹೋದರೆ ಸಾಕು ಅಂದುಕೊಂಡಿದ್ದೆ. ಆದರೆ ವಾಪಸ್ ಬರುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ: ಅಕ್ಕಪಕ್ಕದ ದೇಶಗಳು ಹೊಸ ಹೊಸ ವಿಮಾನ ತರುತ್ತಿರುವಾಗ ನಮ್ಮ ವಾಯುಪಡೆಯಲ್ಲಿ ಫೈಟರ್ ವಿಮಾನಗಳ ಲೆಕ್ಕ ಯಾಕೆ ಇಳಿಯುತ್ತಿದೆ?

ವಿಮಾನಗಳು ಬಯಲಲ್ಲೇ ನಿಂತಿವೆ. ಮಿಗ್-21 ಇದೆ, ಕ್ಯಾನ್‌ಬೆರಾ ಬಾಂಬರ್ ಇದೆ. ನನಗೆ ಹಿಡಿಸಿದ್ದು ಮಾತ್ರ ಮರುತ್. ನಮ್ಮ ಊರಲ್ಲೇ ಹುಟ್ಟಿದ ಫೈಟರ್, ಜರ್ಮನಿಯ ಎಂಜಿನಿಯರ್ ಕರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ್ದು, 1961ರ ಜೂನ್ 17ರಂದು ಮೊದಲ ಸಲ ಹಾರಿದ್ದು. ಎಷ್ಟು ಚೆಂದ ಇದೆ ಅಂದರೆ ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುತ್ತೆ. ಹಿಂದುಗಡೆ ಹೋದರೆ ಎರಡು ಕೊಳವೆ ಪಕ್ಕಪಕ್ಕ.

“ಮಾಮ, ಇದಕ್ಕೆ ಎರಡು ಎಂಜಿನ್ ಯಾಕೆ?” ಅಂತ ಕೇಳಿದ.

ಒಂದರ ಶಕ್ತಿ ಸಾಲದು, ಕಣೋ. ಆರ್ಫಿಯಸ್ ಅನ್ನುವ ಬ್ರಿಟಿಷ್ ಎಂಜಿನ್ ಅದು, ಪುಟ್ಟ ನ್ಯಾಟ್ ವಿಮಾನದಲ್ಲೂ ಅದೇ ಜಾತಿಯದು. ನ್ಯಾಟ್‌ಗೆ ಒಂದು, ಮರುತ್‌ಗೆ ಎರಡು. ಕರ್ಟ್ ಟ್ಯಾಂಕ್ ಲೆಕ್ಕ ಹಾಕಿದ್ದು ಇದಕ್ಕಿಂತ ಎಷ್ಟೋ ಜೋರಾದ ಆರ್ಫಿಯಸ್ 12ಕ್ಕೆ. ಅದನ್ನು ಅಭಿವೃದ್ಧಿ ಮಾಡುವ ಖರ್ಚು ಕೊಡಲು ನಾವು ಒಪ್ಪಲಿಲ್ಲ, ಎಂಜಿನ್ ಬರಲಿಲ್ಲ. ಈಜಿಪ್ಟ್‌ನ ಎಂಜಿನ್ ಹಾಕಿ ನೋಡಿದರು, ಅದೂ ಆಗಲಿಲ್ಲ. ಶಬ್ದದ ಎರಡರಷ್ಟು ವೇಗಕ್ಕೆ ಅಂತ ಯೋಚಿಸಿದ ವಿಮಾನ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟಲಿಲ್ಲ. ಆದರೂ 1971ರಲ್ಲಿ ರಾಜಸ್ಥಾನದ ಕಡೆ ಯುದ್ಧಕ್ಕೆ ಇಳಿದು ಒಳ್ಳೆ ಕೆಲಸ ಮಾಡಿತು.

ಒಳಗೆ ಎಂಜಿನ್‌ಗಳ ಹಾಲ್ ಇದೆ, ದಯವಿಟ್ಟು ಅವಸರದಲ್ಲಿ ದಾಟಬೇಡಿ. ಸೀಳಿ ತೋರಿಸಿದ ಎಂಜಿನ್‌ಗಳಲ್ಲಿ ಬ್ಲೇಡುಗಳ ಸಾಲು ನೋಡಿ. ಈಗಿನ ಫೈಟರ್ ಎಂಜಿನ್‌ಗಳಲ್ಲಿ ಬೆಂಕಿಯ ಹಿಂದೆಯೇ ಇರುವ ಬ್ಲೇಡುಗಳಿಗೆ ಬಡಿಯುವ ಗಾಳಿ, ಆ ಲೋಹ ಕರಗುವ ಶಾಖಕ್ಕಿಂತ ಜಾಸ್ತಿ ಬಿಸಿ ಇರುತ್ತೆ. ಬ್ಲೇಡಿನೊಳಗೆ ಸಣ್ಣ ಸಣ್ಣ ದಾರಿ ಮಾಡಿ ತಂಪು ಗಾಳಿ ಹಾಯಿಸಿ ಅದನ್ನು ಉಳಿಸಿಕೊಳ್ಳಬೇಕು. ಈ ವಿದ್ಯೆಯನ್ನು ಯಾರೂ ಸುಮ್ನೆ ಹೇಳಿಕೊಡಲ್ಲ.

ನಮ್ಮದೇ ಫೈಟರ್ ತೇಜಸ್‌ಗೆ ಅಂತ ನಮ್ಮ ಕಾವೇರಿ ಎಂಜಿನ್ ಯೋಜನೆ 1989ರಲ್ಲಿ ಇದೇ ಊರಲ್ಲಿ ಶುರುವಾಯಿತು. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರೆ ಮಾಡಿದರು. ಹಾಗಾಗಿ ಇವತ್ತಿಗೂ ತೇಜಸ್‌ನ ಹೊಟ್ಟೆಯಲ್ಲಿರುವುದು ಅಮೆರಿಕದ ಜಿಇ ಕಂಪನಿಯ ಎಫ್-404 ಎಂಜಿನ್. 2021ರಲ್ಲಿ ತೇಜಸ್‌ನ ಸುಧಾರಿಸಿದ ರೂಪವಾದ ಮಾರ್ಕ್-1ಎ ವಿಮಾನ 83ಕ್ಕೆ ಆರ್ಡರ್ ಕೊಟ್ಟೆವು, ಅದಕ್ಕೆ ಬೇಕಾದ ಮೊದಲ ಎಂಜಿನ್ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ. ಮರುತ್ ಕಥೆ ಮತ್ತೆ ಕೇಳಿದ ಹಾಗೆ ಆಗಲ್ವಾ?

ಅಷ್ಟರಲ್ಲಿ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಗೆ ಬೀಳ್ಕೊಡುಗೆ ಆಯಿತು. ಇರಬೇಕಾದ ಫೈಟರ್ ಸ್ಕ್ವಾಡ್ರನ್ 42, ಉಳಿದದ್ದು 29. ಒಂದು ಸ್ಕ್ವಾಡ್ರನ್ ಅಂದರೆ 16ರಿಂದ 18 ವಿಮಾನ, ನೀವೇ ಗುಣಿಸಿ ನೋಡಿ. ಪಾಕಿಸ್ತಾನ 2022ರಲ್ಲೇ ಚೀನಾದ ಜೆ-10ಸಿ ಫೈಟರ್ ತಂದಿಟ್ಟುಕೊಂಡಿದೆ. ಚೀನಾ ತನ್ನ ಜೆ-20 ಫೈಟರನ್ನು ಶುರುವಿನಲ್ಲಿ ರಷ್ಯಾದ ಎಂಜಿನ್ ಹಾಕಿಯೇ ಹಾರಿಸಿತು, ಈಗ ತನ್ನದೇ ಎಂಜಿನ್ ಹಾಕುತ್ತಿದೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಅವರೂ ಕಡ ತಂದೇ ಹೊರಟವರು, ಆದರೆ ದುಡ್ಡು ಸುರಿಯುವುದನ್ನು ನಡುವೆ ನಿಲ್ಲಿಸಲಿಲ್ಲ.

ಮ್ಯೂಸಿಯಂ ಬಗ್ಗೆ ಕೇಳಿದರೆ, ಕಣ್ಣುಮುಚ್ಚಿ ಐದಕ್ಕೆ ಐದು ಕೊಡುತ್ತೇನೆ. ಬೇಸಿಗೆಯಲ್ಲಾದರೆ ಟೋಪಿ, ನೀರು ಇರಲಿ. ಎಲ್ಲರೂ ಮೊದಲು ಹೊರಗಿನ ವಿಮಾನಗಳ ಮುಂದೆ ಫೋಟೋ ತೆಗೆಸಿಕೊಂಡು ಸುಸ್ತಾಗಿ ಒಳಗೆ ಬರುತ್ತಾರೆ, ನಾವೂ ಹಾಗೇ ಮಾಡಿದೆವು. ನೀವು ಮೊದಲು ಎಂಜಿನ್ ಹಾಲ್ ನೋಡಿ, ಆರ್ಫಿಯಸ್ ಹೆಸರು ನೆನಪಿಟ್ಟುಕೊಂಡು, ಆಮೇಲೆ ಮರುತ್ ಹತ್ತಿರ ಹೋಗಿ.