ಅಂಬಾಸಿಡರ್ ಗ್ಲಾಸಿನ ಸೋರಿಕೆ: ಸಿಲಿಕಾನ್, ಪಿಯು, ಬ್ಯುಟೈಲ್, ಹೊಸ ಬೀಡಿಂಗ್ ಎಲ್ಲ ಹಾಕಿ ನೋಡಿದ ಮೇಲೆ

ನಮ್ಮದು 1984ರ ಅಂಬಾಸಿಡರ್, ಮಾರ್ಕ್ 4. ಅಪ್ಪ ತಗೊಂಡಿದ್ದು. ಆಲ್ದೂರು ಕಡೆಯ ತೋಟದಿಂದ ಚಿಕ್ಕಮಗಳೂರಿಗೆ ಇವತ್ತಿಗೂ ಅದರಲ್ಲೇ ಓಡಾಟ. ಮಳೆ ಶುರುವಾಯಿತು ಅಂದರೆ ಮುಂದಿನ ಗ್ಲಾಸಿನಿಂದ ನೀರಿಳಿದು ಎಡಗಡೆ ಕೂತವರ ಕಾಲು ನೆನೆಯುತ್ತಿತ್ತು. ಮ್ಯಾಟ್ ಎತ್ತಿದರೆ ಮುಗ್ಗಲು ವಾಸನೆ. ಇದರ ಹಿಂದೆ ಬಿದ್ದು ನಾಲ್ಕು ವರ್ಷವಾಯಿತು.

ಒಂದು ವಿಷಯ ಮೊದಲೇ ಹೇಳಬೇಕು. ಈ ಗಾಡಿಯ ಗ್ಲಾಸನ್ನು ಈಗಿನ ಕಾರುಗಳ ಹಾಗೆ ಅಂಟಿಸಿರುವುದಿಲ್ಲ. ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಹಿಡಿದುಕೊಂಡಿರುತ್ತದೆ. ಬೀಡಿಂಗಿಗೆ ಎರಡು ಸಂದು: ಒಂದರಲ್ಲಿ ಗ್ಲಾಸ್ ಕೂರುತ್ತದೆ, ಇನ್ನೊಂದರಲ್ಲಿ ಬಾಡಿಯ ತಗಡಿನ ಅಂಚು. ನೀರು ಯಾವ ಕಡೆಯಿಂದ ಬರುತ್ತಿದೆ ಅಂತ ತಿಳಿಯದೆ ಏನು ಹಾಕಿದರೂ ದಂಡ. ನಾನು ಮಗನನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ಹೊರಗಿನಿಂದ ಪೈಪಲ್ಲಿ ಸಣ್ಣಗೆ ನೀರು ಬಿಟ್ಟೆ. ಕೆಳಗಿನ ಅಂಚಿನಿಂದ ಶುರುಮಾಡಿ, ಒಂದೊಂದು ಜಾಗದಲ್ಲಿ ಐದೈದು ನಿಮಿಷ ನಿಲ್ಲಿಸಿ, ಆಮೇಲೆ ಮೇಲಕ್ಕೆ. ಮೇಲಿಂದ ಬಿಟ್ಟರೆ ಎಲ್ಲ ಕಡೆ ಹರಿದು ಏನೂ ಗೊತ್ತಾಗುವುದಿಲ್ಲ. "ಅಪ್ಪಾ, ಹನಿ ಬೀಳೋದು ಇಲ್ಲಿ, ಆದ್ರೆ ನೀರು ಬರ್ತಿರೋದು ಆ ಮೂಲೆಯಿಂದ" ಅಂದ. ಸರಿಯಾಗಿಯೇ ನೋಡಿದ್ದ. ಎಡಗಡೆ ಕೆಳಮೂಲೆಯಲ್ಲಿ ಒಳಬಂದ ನೀರು ಡ್ಯಾಶ್‌ಬೋರ್ಡ್ ಹಿಂದೆ ಒಂದು ಗೇಣು ಹರಿದು ಆಮೇಲೆ ತೊಟ್ಟಿಕ್ಕುತ್ತಿತ್ತು.

ಈ ಪರೀಕ್ಷೆಗೂ ಮೊದಲು, ಮೊದಲ ವರ್ಷ, ಒಂದು ಗ್ಯಾರೇಜಿನಲ್ಲಿ ಬೀಡಿಂಗ್ ಸುತ್ತ ಸಿಲಿಕಾನ್ ಸೀಲಂಟ್ (ಸಂದು ಮುಚ್ಚುವ ಅಂಟು) ಎಳೆಸಿದ್ದೆ. ಅರ್ಧ ಗಂಟೆ ಕೆಲಸ, ಖರ್ಚೂ ಕಡಿಮೆ. ಜೂನ್ ಮೊದಲ ವಾರ ಒಂದು ಹನಿ ಇಲ್ಲ. ಆರಿದ್ರ ಮಳೆ ಆರದೆ ಹೊಯ್ಯುತ್ತದೆ ಅಂತಾರಲ್ಲ, ಆಗ ಮತ್ತೆ ಶುರು. ಕೊಳೆ, ಪಾಲಿಶ್ ಇರುವ ಹಳೇ ರಬ್ಬರಿಗೆ ಸಿಲಿಕಾನ್ ಕಚ್ಚಿಕೊಳ್ಳುವುದಿಲ್ಲ. ಅಂಚಲ್ಲಿ ಬಿಟ್ಟುಕೊಂಡು ಒಳಗೆ ಹೋದ ನೀರು ಹೊರಗೆ ಬಾರದ ಹಾಗೆ ಅದೇ ತಡೆಯುತ್ತದೆ. ಒಣಗುವಾಗ ವಿನೆಗರ್ ವಾಸನೆ ಬರುವ ಜಾತಿಯದಂತೂ ಬೇಡವೇ ಬೇಡ. ಅದು ಬಿಡುವ ಆಮ್ಲ ಬರಿ ತಗಡಿಗೆ ತುಕ್ಕು ಹಿಡಿಸುತ್ತದೆ. ಚೂರು ಉಳಿದರೂ ಮುಂದೆ ಪೇಂಟ್ ನಿಲ್ಲುವುದಿಲ್ಲ. ಅದನ್ನು ಕೆರೆದು ತೆಗೆಯಲು ನನಗೆ ಎರಡು ಭಾನುವಾರ ಬೇಕಾಯಿತು.

ಹಿಂದಿನ ಗ್ಲಾಸಿಗೆ ಪಿಯು (ಪಾಲಿಯುರೆಥೇನ್) ಸೀಲಂಟ್ ಹಾಕಿಸಿದೆ. ಸೋರಿಕೆ ಪೂರ್ತಿ ನಿಂತಿದೆ, ನಿಜ. ಆದರೆ ಗ್ಲಾಸ್, ರಬ್ಬರ್, ಬಾಡಿ ಮೂರೂ ಒಂದೇ ಆಗಿಹೋಗಿವೆ. ಇನ್ನು ಅದನ್ನು ತೆಗೆಯಬೇಕಾದರೆ ಕುಯ್ದೇ ತೆಗೆಯಬೇಕು. ಅಂಟಿಸುವ ಗ್ಲಾಸಿಗೆ ಅದು ಸರಿ, ಬೀಡಿಂಗ್ ಗ್ಲಾಸಿಗೆ ಮತ್ತೆ ಹಾಕಿಸುವುದಿಲ್ಲ.

ಎರಡನೇ ವರ್ಷ ಮುಂದಿನ ಗ್ಲಾಸಿಗೆ ಬ್ಯುಟೈಲ್ ಸೀಲಂಟ್. ಕರಿ ಬಣ್ಣದ್ದು, ಗನ್ನಲ್ಲಿ ಹಾಕುವಂಥದ್ದು, ಎಷ್ಟು ದಿನವಾದರೂ ಗಟ್ಟಿಯಾಗುವುದಿಲ್ಲ. ಮಲೆನಾಡಿನ ರಸ್ತೆಯಲ್ಲಿ ಬಾಡಿ ಅಲುಗುತ್ತಲೇ ಇರುತ್ತದೆ, ಅಲ್ವಾ? ಅದರ ಜೊತೆ ಇದೂ ಅಲುಗುತ್ತದೆ, ಬಿರುಕು ಬಿಡುವುದಿಲ್ಲ. ನನಗೆ ಇದರ ಮೇಲೆ ನಂಬಿಕೆ ಬಂದಿದ್ದು ಅದಕ್ಕೇ. ಬಿದಿರಿನ ತೆಳು ಸೀಳಿನ ತುದಿ ನಯ ಮಾಡಿ ರಬ್ಬರಿನ ತುಟಿ ಎತ್ತಿ, ಗನ್ನಿನ ಮೂತಿ ಒಳಗೆ ತೂರಿಸಿ ಹಾಕಬೇಕು. ಸ್ಕ್ರೂಡ್ರೈವರ್ ಬೇಡ, ರಬ್ಬರ್ ಹರಿಯುತ್ತದೆ. ಒತ್ತಿದಾಗ ಉಕ್ಕಿ ಬಂದಿದ್ದನ್ನು ಸೀಮೆಎಣ್ಣೆ ಸೋಕಿಸಿದ ಬಟ್ಟೆಯಲ್ಲಿ ಒರೆಸಿ, ತಕ್ಷಣ ಸೋಪು ನೀರಲ್ಲಿ ತೊಳೆದೆ. ಎರಡು ಮಳೆಗಾಲ ನಿಂತಿತು. ನಾಲ್ಕನೇ ವರ್ಷ ಅದೇ ಮೂಲೆಯಲ್ಲಿ ಮತ್ತೆ ತೇವ.

ಆಗ ಗ್ಲಾಸ್ ಇಳಿಸಿದೆವು. ಬೀಡಿಂಗ್ ಉಗುರಲ್ಲಿ ಒತ್ತಿದರೆ ತಗ್ಗುತ್ತಿರಲಿಲ್ಲ, ಬಗ್ಗಿಸಿದರೆ ಸೀಳುತ್ತಿತ್ತು. ಅದರ ಕೆಳಗೆ ಪೇಂಟ್ ಹಪ್ಪಳದ ಹಾಗೆ ಎದ್ದಿತ್ತು. ಬೆರಳಿಟ್ಟರೆ ತುಕ್ಕು ಪುಡಿಪುಡಿ ಉದುರಿತು, ಹಿಂದಿನಿಂದ ಟಾರ್ಚ್ ಹಿಡಿದರೆ ಸೂಜಿಮೊನೆಯಷ್ಟು ಬೆಳಕು. ಮೊದಲ ವರ್ಷ ಸಿಲಿಕಾನ್ ಅಡಿ ನಿಂತ ನೀರಿನ ಕೆಲಸ ಇದು ಅಂತಲೇ ನನ್ನ ಅನಿಸಿಕೆ. ಟಿಂಕರಿಂಗ್‌ನವರು ಕೊಳೆತ ಭಾಗ ಕತ್ತರಿಸಿ ತಗಡು ವೆಲ್ಡ್ ಮಾಡಿಕೊಟ್ಟರು. ತುಕ್ಕು ತಡೆಯುವ ರೆಡ್ ಆಕ್ಸೈಡ್, ಪೇಂಟ್ ಎಲ್ಲ ಪೂರ್ತಿ ಒಣಗಿದ ಮೇಲೆ ಹೊಸ ಬೀಡಿಂಗ್.

ಕಂಪನಿ 2014ರಲ್ಲೇ ಅಂಬಾಸಿಡರ್ ನಿಲ್ಲಿಸಿದೆ. ಬೀಡಿಂಗನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ತಂದೆ. ಸುಮ್ನೆ ಅಗ್ಗ ಅಂತ ತರಬೇಡಿ. ಮಡಚಿ ಬಿಟ್ಟರೆ ತಕ್ಷಣ ನೆಟ್ಟಗಾಗಬೇಕು. ಕತ್ತರಿಸಿ ಕೂರಿಸುವಂಥದ್ದಾದರೆ ಸ್ವಲ್ಪ ಉದ್ದವೇ ಇಟ್ಟು ಒತ್ತಿ ಕೂರಿಸಿ. ಎಳೆದು ಕೂರಿಸಿದರೆ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಬೀಡಿಂಗನ್ನು ಗ್ಲಾಸಿಗೆ ಹಾಕಿ, ಬಾಡಿ ಕಡೆಯ ಸಂದಿನಲ್ಲಿ ನೈಲಾನ್ ಹಗ್ಗ ಸುತ್ತಿ, ಸೋಪು ನೀರು ಹಚ್ಚಿ ಇಟ್ಟೆವು. ನಾನು ಹೊರಗಿನಿಂದ ಅಂಗೈಯಲ್ಲಿ ಒತ್ತಿದೆ, ಮಗ ಒಳಗಿನಿಂದ ಹಗ್ಗ ಎಳೆದ. ಎಳೆದಂತೆಲ್ಲ ರಬ್ಬರಿನ ತುಟಿ ತಗಡಿನ ಮೇಲೆ ಹೊರಳಿ ಕೂರುತ್ತಾ ಬಂತು. ಆಮೇಲೆ ಎರಡೂ ಸಂದಿಗೆ ತೆಳುವಾಗಿ ಬ್ಯುಟೈಲ್. ಈ ಕೆಲಸ ಮಾರ್ಚ್ ಬಿಸಿಲಲ್ಲೇ ಒಳ್ಳೆಯದು, ರಬ್ಬರ್ ಮೆತ್ತಗಿರುತ್ತದೆ. ಕಾಫಿಯ ಹೂಮಳೆ ಬಿದ್ದಾಗ ಪರೀಕ್ಷೆಯೂ ಆಗುತ್ತದೆ.

ನಿಮ್ಮ ಗಾಡಿಯ ರಬ್ಬರ್ ಇನ್ನೂ ಮೆತ್ತಗಿದ್ದು ಅಕ್ಕಪಕ್ಕ ಪೇಂಟ್ ಉಬ್ಬಿಲ್ಲ ಅಂದರೆ ಬ್ಯುಟೈಲ್ ಸಾಕು. ರಬ್ಬರ್ ಕಲ್ಲಾಗಿದ್ದರೆ ಗ್ಲಾಸ್ ಇಳಿಸಿಬಿಡಿ. ಖರ್ಚು ಜಾಸ್ತಿ, ಆದರೆ ಒಳಗೆ ಏನಾಗಿದೆ ಅಂತ ಕಣ್ಣಿಗೆ ಕಾಣುವುದು ಆಗ ಮಾತ್ರ.

ಈ ಸಲ ಆರಿದ್ರದಲ್ಲಿ ಮ್ಯಾಟ್ ಕೆಳಗೆ ಹಳೇ ಪೇಪರ್ ಹಾಸಿ ಇಟ್ಟಿದ್ದೆ. ಹದಿನಾಲ್ಕು ದಿನ ಕಳೆದು ತೆಗೆದಾಗ ಗರಿಗರಿಯಾಗಿಯೇ ಇತ್ತು. ಬಾಗಿಲಿನ ಚಿಕ್ಕ ತ್ರಿಕೋನ ಗ್ಲಾಸಿನಿಂದ ಮಾತ್ರ ಒಂದೆರಡು ಹನಿ ಬರುತ್ತಿದೆ. ಈಗ ಅದರ ರಬ್ಬರ್ ಹುಡುಕುತ್ತಿದ್ದೇನೆ.