ದಾನಪತ್ರವೋ, ವಿಲ್ಲೋ? ತುಮಕೂರಿನ ಮನೆಯೊಡೆಯ ಹಿರಿಯರಿಗೆ

ತುಮಕೂರಿನ ಉಪನೋಂದಣಿ ಕಚೇರಿಯಲ್ಲಿ ಮಗನಿಗೆ ಮನೆಯನ್ನು ದಾನಪತ್ರ ಮಾಡಿಕೊಟ್ಟರೆ ಒಡೆತನ ಆಗಲೇ ಅವನದು. ಮನಸ್ಸು ಬದಲಾದರೂ ಸುಲಭವಾಗಿ ಹಿಂಪಡೆಯಲಾಗದು. ಕೊಡಲೇಬೇಕೆಂದಿದ್ದರೆ ‘ಕೊನೆಯವರೆಗೂ ನಮ್ಮನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಬಾಯಿಮಾತನ್ನು ನಂಬಿ ಕೂರಬೇಡಿ. ಆ ಸಾಲಿದ್ದರೆ, ಮಕ್ಕಳು ಕೈಬಿಟ್ಟಾಗ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಅಡಿ ಉಪವಿಭಾಗಾಧಿಕಾರಿಯವರ ಮುಂದೆ ದಾನಪತ್ರದ ರದ್ದತಿ ಕೋರಬಹುದು.

ಇರುವುದೊಂದೇ ಮನೆಯಾದರೆ ನಾನಂತೂ ವಿಲ್ ಎನ್ನುತ್ತೇನೆ. ಬದುಕಿರುವವರೆಗೆ ಮನೆ ನಿಮ್ಮದೇ, ಬೇಕೆಂದಾಗ ತಿದ್ದಬಹುದು. ಇಬ್ಬರು ಸಾಕ್ಷಿಗಳ ಸಹಿ ಬೇಕು, ಮುದ್ರಾಂಕ ಶುಲ್ಕವಿಲ್ಲ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ: ಮುಂದೆ ಅಣ್ಣತಮ್ಮಂದಿರಲ್ಲಿ ತಕರಾರು ಎದ್ದರೆ ಅದೊಂದು ಬಲ. ಪಿತ್ರಾರ್ಜಿತ ಮನೆಯಾದರೆ ನಿಮ್ಮ ಪಾಲಿಗಷ್ಟೇ ವಿಲ್ ಬರೆಯಬಹುದು.