ಫಿಲ್ಟರ್ ಟ್ರಾಲಿ: ನಾಲ್ಕು ವರ್ಷ ಬಳಸಿದ ಮೇಲೆ

ಪೀಣ್ಯದ ನಮ್ಮ ಶಾಪ್‌ನಲ್ಲಿ ಆರು ಇಂಜೆಕ್ಷನ್ ಮೋಲ್ಡಿಂಗ್ ಮೆಷಿನ್‌ಗಳಿವೆ. ಎಲ್ಲಕ್ಕೂ 46 ಗ್ರೇಡ್ (ಆಯಿಲ್ ಎಷ್ಟು ಮಂದ ಅನ್ನುವ ಅಳತೆ) ಹೈಡ್ರಾಲಿಕ್ ಆಯಿಲ್. ಮೊದಲು ಆಯಿಲ್ ಹರಿವನ್ನು ಹೆಚ್ಚು ಕಡಿಮೆ ಮಾಡುವ ಪ್ರಪೋರ್ಷನಲ್ ವಾಲ್ವ್‌ಗಳು ಪದೇ ಪದೇ ಜಾಮ್ ಆಗುತ್ತಿದ್ದವು. ಬಿಚ್ಚಿ ಸ್ಪೂಲ್ (ವಾಲ್ವ್ ಒಳಗೆ ಜಾರುವ ಕಡ್ಡಿ) ತೊಳೆದರೆ ಎರಡು ವಾರ ಸರಿ, ಆಮೇಲೆ ಮತ್ತೆ ಅದೇ ಪಾಡು.

ಆಗ ಈ ಟ್ರಾಲಿ ತಂದೆವು. ಒಂದು ಗೇರ್ ಪಂಪ್, 3 ಮೈಕ್ರಾನ್ ಎಲಿಮೆಂಟ್ (ಸೋಸುವ ಭಾಗ), ಎರಡು ಹೋಸ್, ಅಷ್ಟೇ. ಟ್ಯಾಂಕಿನ ಒಂದು ತುದಿಯಿಂದ ಆಯಿಲ್ ಎಳೆದು, ಸೋಸಿ, ಇನ್ನೊಂದು ತುದಿಗೆ ಬಿಡುತ್ತದೆ. ಮೆಷಿನ್ ನಿಲ್ಲಿಸಬೇಕಾಗಿಲ್ಲ.

ನನ್ನ ಕಣ್ಣು ತೆರೆಸಿದ್ದು ಹೊಸ ಆಯಿಲ್. ಸೀಲ್ ಒಡೆದ ಬ್ಯಾರೆಲ್‌ನಿಂದಲೇ ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕಳಿಸಿದೆ. ಐಎಸ್ಒ 4406 ಅಂದರೆ ಆಯಿಲ್ ಒಳಗಿನ ಕಣಗಳ ಎಣಿಕೆಯ ಕೋಡ್; ಮೂರು ಅಂಕಿ ಮೂರು ಗಾತ್ರದ ಕಣಗಳಿಗೆ, ಅಂಕಿ ಹೆಚ್ಚಿದಷ್ಟೂ ಕೊಳೆ ಹೆಚ್ಚು. ಆ ಲೆಕ್ಕದಲ್ಲಿ 21/19/16 ಬಂತು. ಟ್ರಾಲಿಯಲ್ಲಿ ಒಂದು ಶಿಫ್ಟ್ ಓಡಿಸಿದ ಮೇಲೆ 17/15/12. ಒಂದು ಅಂಕಿ ಇಳಿದರೆ ಕಣಗಳು ಅರ್ಧ ಆದಂತೆ. ಅಂದರೆ ನಾಲ್ಕು ಅಂಕಿಗೆ ಸುಮಾರು ಹದಿನಾರನೇ ಒಂದು ಪಾಲು! ಈಗ ಟಾಪ್‌ಅಪ್ ಕೂಡ ಟ್ರಾಲಿ ಮೂಲಕವೇ. ವಾಲ್ವ್ ಬಿಚ್ಚುವ ಕೆಲಸ ವರ್ಷಕ್ಕೆ ಒಂದೋ ಎರಡೋ ಸಲ.

ಆದರೆ ನೀರಿಗೆ ಇದನ್ನು ನಂಬಬೇಡಿ. ಒಂದು ಮಳೆಗಾಲದಲ್ಲಿ ಆಯಿಲ್ ಕೂಲರ್ ಟ್ಯೂಬ್ ತೂತಾಗಿ, ಸೈಟ್ ಗ್ಲಾಸ್‌ನಲ್ಲಿ ಆಯಿಲ್ ಹಾಲು ಹಾಕಿದ ಟೀ ತರ ಕಾಣಿಸಿತು. ಒಂದು ಹನಿ ಬಿಸಿ ತಗಡಿನ ಮೇಲೆ ಬಿಟ್ಟರೆ ಚಟಪಟ ಅಂತ ಸಿಡಿಯಿತು. ನೀರು ಹೀರುವ ಎಲಿಮೆಂಟ್ ಹಾಕಿದೆವು, ಬೇಗನೆ ಉಬ್ಬಿ ಕಟ್ಟಿಕೊಂಡು ಗೇಜ್ ಕೆಂಪಿಗೆ ಹೋಯಿತು. ಸ್ವಲ್ಪ ತೇವಕ್ಕೆ ಅದು ಸಾಕು, ಇಷ್ಟು ನೀರಿಗೆ ಆಗಲ್ಲ. ಕೊನೆಗೆ ವ್ಯಾಕ್ಯೂಮ್ ಡಿಹೈಡ್ರೇಟರ್ ಬಾಡಿಗೆಗೆ ತರಿಸಿದೆವು. ಆಯಿಲನ್ನು ಸುಮಾರು 60 ಡಿಗ್ರಿಗೆ ಬಿಸಿ ಮಾಡಿ, ಒತ್ತಡ ಇಳಿಸಿ, ನೀರನ್ನು ಆವಿ ಮಾಡಿ ತೆಗೆಯುತ್ತದೆ. ಎರಡು ದಿನ ಹಿಡಿಯಿತು. ಆಯಿಲ್ ಉಳಿಯಿತು.

ವಾರ್ನಿಶ್, ಅಂದರೆ ಆಯಿಲ್ ಕೆಟ್ಟು ಆಗುವ ಅಂಟು ಪದರ, ಅದಕ್ಕೂ ಈ ಟ್ರಾಲಿ ಸಾಲದು. ಸ್ಪೂಲ್ ಮೇಲೆ ಬಟ್ಟೆಯಲ್ಲಿ ಒರೆಸಿದರೂ ಹೋಗದ ಕಂದು ಪದರ ಕಂಡರೆ, ಅದು ಬಿಸಿ ಆಯಿಲ್‌ನಲ್ಲಿ ಕರಗಿಕೊಂಡೇ ಫಿಲ್ಟರ್ ದಾಟಿ ಬಂದಿರುತ್ತದೆ. ಅದಕ್ಕೆ ಎಲೆಕ್ಟ್ರೋಸ್ಟ್ಯಾಟಿಕ್ ಕ್ಲೀನರ್ (ವಿದ್ಯುತ್ ಸೆಳೆತದಿಂದ ಕೊಳೆ ಹಿಡಿಯುವ ಯಂತ್ರ) ಇದೆ, ಆದರೆ ಆಯಿಲ್‌ನಲ್ಲಿ ನೀರು ಜಾಸ್ತಿ ಇದ್ದರೆ ಅದೂ ಕೆಲಸ ಮಾಡಲ್ಲ.

ಟ್ರಾಲಿಯಲ್ಲಿ ನನಗೆ ಹಿಡಿಸದ್ದು ಒಂದೇ: ಸ್ಯಾಂಪಲ್ ಪೋರ್ಟ್ (ಪರೀಕ್ಷೆಗೆ ಆಯಿಲ್ ತೆಗೆಯುವ ಕಿಂಡಿ) ಇಲ್ಲ. ನಾವೇ ಒಂದು ಕೂರಿಸಿಕೊಂಡೆವು. ಕೊಳ್ಳುವಾಗ ಕೇಳಿ ತೆಗೆದುಕೊಳ್ಳಿ. ಜೊತೆಗೆ ಟ್ಯಾಂಕಿಗೆ ಸಿಲಿಕಾ ಜೆಲ್ ಬ್ರೀದರ್ ಹಾಕಿಸಿ; ಒಳಗೆ ಹೋಗುವ ಗಾಳಿಯ ತೇವ ಹೀರಿಕೊಳ್ಳುತ್ತದೆ. ನಮ್ಮದು ನೀಲಿಯಿಂದ ಗುಲಾಬಿಗೆ ತಿರುಗಿದ ದಿನವೇ ಬದಲಾಯಿಸುತ್ತೇವೆ.